ಮಾತಾಡುವ ಆಟ

38 ವರ್ಷದ ಹೆಂಗಸೊಬ್ಬಳು ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹೊತ್ತು ಮೇಜಿನ ಸುತ್ತ ಕೂತು ಆಟ ಆಡುತ್ತಾಳೆ ಅಂದರೆ ಜನ ಮೊದಲು ಕೇಳುವುದು ಅದು ಯಾವ ಆಟ ಅಂತಲ್ಲ. ಮನೇಲಿ ಅಡುಗೆ ಯಾರು ಮಾಡ್ತಾರೆ ಅಂತ. ಗಂಡಸರು ಅರಳಿಕಟ್ಟೆ ಮೇಲೆ ಇಸ್ಪೀಟು ಆಡಿದರೆ, ಟೀವಿ ಮುಂದೆ ದಿನಗಟ್ಟಲೆ ಕ್ರಿಕೆಟ್ ನೋಡಿದರೆ ಈ ಪ್ರಶ್ನೆ ಏಳುವುದಿಲ್ಲ. ಅಡುಗೆ ಬೆಳಿಗ್ಗೆಯೇ ಆಗಿರುತ್ತೆ. ಅದನ್ನೂ ನಾನೇ ಮಾಡಿರುತ್ತೇನೆ. ಇಷ್ಟು ಹೇಳಿ ಆ ಪ್ರಶ್ನೆಯನ್ನು ಇಲ್ಲಿಗೆ ಬಿಡುತ್ತೇನೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಹೆಸರು ಕೇಳಿ ಹೆದರಬೇಡಿ. ಇದಕ್ಕೆ ಕಂಪ್ಯೂಟರ್ ಬೇಡ, ಕರೆಂಟೂ ಬೇಡ. ನಾಲ್ಕೈದು ಜನ, ಪೆನ್ಸಿಲ್ಲು, ಹಾಳೆ, ಒಂದಷ್ಟು ದಾಳ. ಒಬ್ಬರು ಆಟ ನಡೆಸುವವರು. ಅವರು ಒಂದು ಊರು, ಕಾಡು, ಪಾಳುಬಿದ್ದ ಕೋಟೆಯನ್ನು ಮಾತಿನಲ್ಲೇ ಕಟ್ಟಿ ಕೊಡುತ್ತಾರೆ. ಉಳಿದವರು ಒಂದೊಂದು ಪಾತ್ರ. "ನಿಮ್ಮ ಮುಂದೆ ಕಬ್ಬಿಣದ ಬಾಗಿಲಿದೆ, ಒಳಗೆ ಯಾರೋ ನರಳ್ತಿದ್ದಾರೆ, ಏನು ಮಾಡ್ತೀರಿ?" ಅಂತ ನಡೆಸುವವರು ಕೇಳುತ್ತಾರೆ. ಆ ಕೊನೆಯ ಪ್ರಶ್ನೆಯೇ ಆಟ. ಏನು ಮಾಡ್ತೀರಿ? ಏನು ಬೇಕಾದರೂ ಮಾಡಬಹುದು. ಬಾಗಿಲು ಒಡೆಯಬಹುದು, ತಟ್ಟಬಹುದು, ವಾಪಸ್ಸು ಹೋಗಬಹುದು. ಆಗುತ್ತೋ ಇಲ್ಲವೋ ಅನುಮಾನ ಇದ್ದಾಗ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಬಿದ್ದ ಸಂಖ್ಯೆ ಹೇಳಿದ ಹಾಗೆ ಕಥೆ ಮುಂದಕ್ಕೆ ಹೋಗುತ್ತದೆ.

ತಾಳಮದ್ದಲೆ ಕೇಳಿದವರಿಗೆ ಇದು ಬೇಗ ತಿಳಿಯುತ್ತೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡುವುದು. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ವ್ಯತ್ಯಾಸ ಇಷ್ಟೇ. ಅಲ್ಲಿ ಎಷ್ಟು ಚೆನ್ನಾಗಿ ವಾದ ಮಾಡಿದರೂ ಕೊನೆಗೆ ಕರ್ಣ ಸಾಯಲೇಬೇಕು, ಪುರಾಣ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ. ಇಲ್ಲಿ ಯಾರು ಸಾಯಬೇಕು, ಯಾರು ಬದುಕಬೇಕು ಅಂತ ಯಾವ ಋಷಿಯೂ ಬರೆದಿಟ್ಟಿಲ್ಲ.

ಕನ್ನಡದಲ್ಲಿ ಆಟವನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಈ ಆಟದಲ್ಲಿ ಅವೆರಡೂ ನಿಜವಾಗಿ ಒಂದೇ. ಮಾತಾಡದವಳು ಆಡುವ ಹಾಗಿಲ್ಲ. ಹಾಗಾಗಿ ಮೇಜಿನ ಸುತ್ತ ಯಾರ ಮಾತು ನಡೆಯುತ್ತೆ, ಯಾರ ಮಾತನ್ನು ಅರ್ಧಕ್ಕೇ ತುಂಡರಿಸ್ತಾರೆ ಅನ್ನುವುದು ಇಲ್ಲಿ ಬರೀ ಸಭ್ಯತೆಯ ಪ್ರಶ್ನೆಯಲ್ಲ. ಮಾತು ತುಂಡರಿಸಿದರೆ ಕೈಕಾಲು ತುಂಡರಿಸಿದ ಹಾಗೆ.

ನನ್ನನ್ನು ಆಟಕ್ಕೆ ಕರೆದದ್ದು ಆಫೀಸಿನ ಗೆಳತಿ. ಬೆಂಗಳೂರಿನ ಬನಶಂಕರಿ ಕಡೆಯ ಒಂದು ಮನೆ. ನಾವಿಬ್ಬರು ಹೆಂಗಸರು, ಮೂವರು ಹುಡುಗರು. ನನ್ನನ್ನು ಬಿಟ್ಟು ಎಲ್ಲರೂ ಕಾನ್ವೆಂಟ್ ಇಂಗ್ಲಿಷಿನವರು. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಚಾಮರಾಜನಗರದ ಕಡೆಯವಳು, ಕೇರಿಯವಳು. ಮೊದಲ ದಿನವೇ ಒಬ್ಬ ನನ್ನ ಪೂರ್ತಿ ಹೆಸರು ಕೇಳಿದ. ಹೇಳಿದೆ. "ಅದರ ಮುಂದೆ ಇನ್ನೇನೂ ಇಲ್ವಾ?" ಅಂದ. ಇಲ್ಲ ಅಂದೆ. ಈ ಪ್ರಶ್ನೆಯ ಬಾಲ ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಪಾತ್ರ ಆರಿಸಿಕೊಳ್ಳುವ ಹೊತ್ತು. "ನೀವು ಕ್ಲೆರಿಕ್ ಆಗಿ ಮೇಡಂ, ಗಾಯ ವಾಸಿ ಮಾಡೋರು ಒಬ್ರು ಬೇಕು" ಅಂದರು. ಕ್ಲೆರಿಕ್ ಅಂದರೆ ದೇವರ ಹೆಸರಲ್ಲಿ ಮಂತ್ರ ಹೇಳಿ ವಾಸಿ ಮಾಡುವವರು. ನಿಜ ಬದುಕಿನಲ್ಲಿ ಸಿಗದ ಪೂಜಾರಿಕೆ ಆಟದಲ್ಲಾದರೂ ಸಿಕ್ಕಿತಲ್ಲ ಅಂತ ಮನಸ್ಸಿನಲ್ಲೇ ನಕ್ಕೆ. ಆದರೆ ಅವರು ಕೊಡುತ್ತಿದ್ದದ್ದು ಪೂಜಾರಿಕೆಯಲ್ಲ, ನಾಲ್ಕು ಜನರ ಗಾಯ ಒರೆಸುವ ಕೆಲಸ. ಅದನ್ನು ವಾರದ ಆರು ದಿನ ಮಾಡ್ತೀನಿ, ಏಳನೇ ದಿನವೂ ಯಾಕೆ? ನನಗೆ ಹೊಡೆದಾಡುವವಳು ಬೇಕು ಅಂದೆ. ಅದರಲ್ಲೂ ಅರ್ಧ ಓರ್ಕ್. ಓರ್ಕ್ ಅಂದರೆ ಆ ಕಥೆಗಳಲ್ಲಿ ಊರಾಚೆಯವರು. ಕೋರೆಹಲ್ಲು, ದೊಡ್ಡ ಮೈ, ಒರಟು ಮಾತು. ನಮ್ಮ ಪುರಾಣದ ರಾಕ್ಷಸರು ಇದ್ದಾರಲ್ಲ, ಹಾಗೆ. ಹೆಸರು ಚೆನ್ನಿ ಅಂತ ಇಟ್ಟೆ.

ಚೆನ್ನಿ ಮೊದಲು ಮಾಡಿದ ಕೆಲಸ ಆ ಕಬ್ಬಿಣದ ಬಾಗಿಲು ಒಡೆದದ್ದು. ದಾಳದಲ್ಲಿ ಹದಿನೇಳು ಬಿತ್ತು. "ಒಡೀತು" ಅಂದರು. ಅಷ್ಟೇ. ಯಾರೂ ಯಾಕೆ ಅಂತ ಕೇಳಲಿಲ್ಲ. ನಮ್ಮವ್ವ ನನಗೆ ಚಿಕ್ಕಂದಿನಲ್ಲಿ ಕಲಿಸಿದ್ದು ಊರ ದೊಡ್ಡ ಬೀದಿಯಲ್ಲಿ ಕಾಲಿನ ಸಪ್ಪಳ ಆಗದ ಹಾಗೆ ನಡೆಯೋದನ್ನ. ಮಗಳು ಕ್ಷೇಮವಾಗಿ ಮನೆ ಸೇರಲಿ ಅಂತ ಕಲಿಸಿದಳು. ಅದು ಮೈಯೊಳಗೆ ಎಷ್ಟು ಇಳಿದಿದೆ ಅಂದರೆ ಇವತ್ತಿಗೂ ಆಫೀಸಿನ ಬಾಗಿಲನ್ನು ನಾನು ಮೆಲ್ಲಗೆ ಎಳೆದು ಹಾಕ್ತೀನಿ. ಚೆನ್ನಿ ನಡೆದರೆ ಹಲಗೆ ಕಿರುಗುಟ್ಟುತ್ತೆ. ಆ ಸುಖ ಏನು ಅಂತ, ಹಗುರಾಗಿ ನಡೆಯಲು ಯಾರೂ ಕಲಿಸದವರಿಗೆ ಹೇಗೆ ಹೇಳಲಿ.

ಇನ್ನೊಂದು ಸುಖ ಸೋಲಿನದು. ಇದನ್ನು ಸ್ವಲ್ಪ ಹೆಚ್ಚು ಹೇಳಬೇಕು. ದಾಳದಲ್ಲಿ ಒಂದು ಬಿದ್ದರೆ ಕೆಲಸ ಕೆಡುತ್ತೆ. ಚೆನ್ನಿ ಹೊಂಡ ದಾಟಲು ಹೋಗಿ ಮಧ್ಯಕ್ಕೇ ಬಿದ್ದಿದ್ದಾಳೆ, ಕತ್ತಿ ಬೀಸಿ ತನ್ನದೇ ಗುರಾಣಿಗೆ ಹೊಡೆದುಕೊಂಡಿದ್ದಾಳೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆಮೇಲೆ ಎದ್ದು ಮುಂದಿನ ಸರದಿ. ಆಫೀಸಿನಲ್ಲಿ ನಮ್ಮಂಥವರಿಂದ ಒಂದು ಲೆಕ್ಕ ತಪ್ಪಿದರೆ ಅದು ಒಬ್ಬಳ ಲೆಕ್ಕ ಅಲ್ಲ. ಇಡೀ ಕೇರಿಯದು, ಮೀಸಲಾತಿಯದು. "ನೋಡಿ, ಇಂಥವರನ್ನು ತಗೊಂಡ್ರೆ ಹಿಂಗೇ" ಅಂತ ಬಾಯಿ ತೆಗೆಯದೆಯೂ ಹೇಳುವ ಮುಖಗಳಿರುತ್ತವೆ. ಅದಕ್ಕೇ ಒಂದು ಕಾಗದವನ್ನು ಮೂರು ಸಲ ನೋಡಿ ಕಳಿಸುವುದು, ಊಟದ ಹೊತ್ತಲ್ಲೂ ಕೂತು ಕೂಡಿಸುವುದು. ದಾಳಕ್ಕೆ ನಾನು ಯಾರ ಮಗಳು ಅಂತ ಗೊತ್ತಿಲ್ಲ. ಅದು ಎಲ್ಲರನ್ನೂ ಒಂದೇ ಥರ ಬೀಳಿಸುತ್ತೆ.

ಇಷ್ಟು ಹೇಳಿದ ಮೇಲೆ ಅಲ್ಲಿಯ ಕೊಳಕನ್ನೂ ಹೇಳಬೇಕು. ಆ ಮನೆಯಲ್ಲಿ ನನ್ನ ಸರದಿ ಬಂದಾಗ ಪಕ್ಕದವನು "ಚೆನ್ನಿ ಇಲ್ಲಿಂದ ಸುತ್ತಿಕೊಂಡು ಹೋಗ್ತಾಳೆ" ಅಂತ ತಾನೇ ಹೇಳಿಬಿಡುತ್ತಿದ್ದ. ಎರಡು ಭಾನುವಾರ ನೋಡಿದೆ. ಮೂರನೇ ಭಾನುವಾರ "ಚೆನ್ನಿ ಬಾಯಿ ನನ್ನ ಹತ್ರ ಇದೆ ಕಣಪ್ಪ" ಅಂದೆ. ಅವನಿಗೆ ಬೇಜಾರಾಯಿತು. ಸಹಾಯ ಮಾಡ್ತಿದ್ದೆ ಅಂದ. ಸಹಾಯ ಬೇರೆ, ಸವಾರಿ ಬೇರೆ.

ಆಮೇಲೆ ಒಂದು ದಿನ ಕಥೆ ಛತ್ರವೊಂದರಲ್ಲಿ ನಡೆಯುತ್ತಿತ್ತು. ಚೆನ್ನಿ ಊಟಕ್ಕೆ ಕೂತಿದ್ದಳು. ಆಟ ನಡೆಸುವವನು, "ಛತ್ರದ ಯಜಮಾನ ಬಂದು ನಿನ್ನ ಸೊಂಟಕ್ಕೆ ಕೈ ಹಾಕ್ತಾನೆ" ಅಂದ. ಹುಡುಗರು ನಕ್ಕರು. ಗೆಳತಿ ತಲೆ ತಗ್ಗಿಸಿದಳು. ಇದು ಯಾಕೆ ಅಂದೆ. "ಆ ಕಾಲದಲ್ಲಿ ಹಾಗೇ ಇತ್ತಲ್ವಾ, ವಾಸ್ತವ ಅದು" ಅಂದ. ಯಾವ ಕಾಲ? ಬೆಂಕಿ ಉಗುಳುವ ರೆಕ್ಕೆಯ ಹಾವು ಹಾರಾಡುವ ಕಾಲವಾ? ಆ ಹಾವನ್ನು ನಂಬಲು ಇವರಿಗೆ ಕಷ್ಟವಾಗಲಿಲ್ಲ. ಹೆಂಗಸೊಬ್ಬಳು ಯಾರ ಕೈಯೂ ತಾಗದೆ ಒಂದು ತುತ್ತು ಅನ್ನ ಉಂಡು ಏಳುತ್ತಾಳೆ ಅನ್ನುವುದನ್ನು ಮಾತ್ರ ಊಹಿಸಲಾಗಲಿಲ್ಲ. ನಾನು ಎದ್ದು ಬಂದೆ. ಗೆಳತಿಯೂ ಎದ್ದು ಬಂದಳು. ಅದು ನನಗೆ ಈಗಲೂ ನೆನಪಿದೆ, ಅವಳು ಚಪ್ಪಲಿ ಹಾಕಿಕೊಳ್ಳಲೂ ನಿಲ್ಲದೆ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದಳು.

ನಾವು ಬೇರೆ ಮೇಜು ಹಾಕಿದೆವು. ಈಗ ಮೂವರು ಹೆಂಗಸರು, ಇಬ್ಬರು ಗಂಡಸರು. ಮೇಜಿನ ಮಧ್ಯೆ ಒಂದು ಚೀಟಿ ಇರುತ್ತೆ, ಅದರ ಮೇಲೆ ಗುಣಾಕಾರದ ಗುರುತು. ಅಮೆರಿಕದ ಜಾನ್ ಸ್ಟಾವ್ರೊಪೌಲೋಸ್ ಎಂಬವರು ರೂಢಿಗೆ ತಂದ ಪದ್ಧತಿ ಇದು. ಕಥೆಯಲ್ಲಿ ಯಾವುದೋ ಮಾತು ಯಾರಿಗೋ ತಡೆಯಲಾಗದಿದ್ದರೆ ಆ ಚೀಟಿ ಮುಟ್ಟಿದರೆ ಸಾಕು, ಆ ಭಾಗ ಅಳಿಸಿಹೋಯಿತು. ಕಾರಣ ಹೇಳಬೇಕಿಲ್ಲ. ಈ ಕೊನೆಯ ಮಾತನ್ನು ಮೊದಲ ಸಲ ಓದಿದಾಗ ನಾನು ಎರಡು ಸಲ ಓದಿದೆ. ಕಾರಣ ಹೇಳಬೇಕಿಲ್ಲ! ಠಾಣೆಯಲ್ಲಿ, ಪಂಚಾಯ್ತಿಯಲ್ಲಿ, ಮನೆಯಲ್ಲಿ, ನೋವಾಯಿತು ಅಂದ ಹೆಂಗಸು ಮೊದಲು ನೋವನ್ನು ರುಜುವಾತು ಮಾಡಬೇಕು. ಇಲ್ಲಿ ಒಂದು ಬೆರಳು ಸಾಕು.

ಆ ಛತ್ರದ ಯಜಮಾನ ಎಲ್ಲಿಂದ ಬಂದ ಅಂತ ಹುಡುಕುತ್ತಾ ನಾನು ಹಳೆಯ ನಿಯಮ ಪುಸ್ತಕಗಳ ಬೆನ್ನು ಹತ್ತಿದೆ. ಈ ಆಟವನ್ನು 1974ರಲ್ಲಿ ಹೊರತಂದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಊರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ. ಮೊದಲ ಮುದ್ರಣ 1000 ಪ್ರತಿ. ಯುದ್ಧದಾಟ ಆಡುತ್ತಿದ್ದ ಗಂಡಸರ ಕೂಟದಿಂದ ಹುಟ್ಟಿದ್ದು. ಮೂರು ಕಿರುಪುಸ್ತಕಗಳಲ್ಲಿ ಮೊದಲನೆಯದರ ಹೆಸರೇ 'ಮೆನ್ ಅಂಡ್ ಮ್ಯಾಜಿಕ್', ಗಂಡಸರು ಮತ್ತು ಮಾಯೆ. 1976ರಲ್ಲಿ ಅವರದೇ ಪತ್ರಿಕೆ 'ದಿ ಡ್ರ್ಯಾಗನ್' ಮೂರನೇ ಸಂಚಿಕೆಯಲ್ಲಿ ಹೆಂಗಸರ ಪಾತ್ರಗಳ ಬಗ್ಗೆ ಲೇಖನ ಬಂತು. ಪ್ರತಿ ಪಾತ್ರಕ್ಕೂ ಬಲ, ಬುದ್ಧಿ, ವಿವೇಕ, ವರ್ಚಸ್ಸು ಹೀಗೆ ಆರು ಅಳತೆಗಳಿರುತ್ತವೆ. ಆ ಲೇಖನದ ಸಲಹೆ ಏನೆಂದರೆ ಹೆಂಗಸಿಗೆ ವರ್ಚಸ್ಸಿನ ಬದಲು ಸೌಂದರ್ಯ ಅಂತ ಬರೆಯುವುದು. ನಾಲ್ಕು ಜನರನ್ನು ಕಟ್ಟಿಕೊಂಡು ಮುನ್ನಡೆಸುವ ಶಕ್ತಿ ಗಂಡಿಗೆ, ಹೆಣ್ಣಿಗೆ ಚಂದದ ಮುಖ.

1978ರ ದೊಡ್ಡ ನಿಯಮ ಪುಸ್ತಕದಲ್ಲಿ ಇದು ಅಚ್ಚಾದ ಕಾನೂನೇ ಆಯಿತು. ಬಲದ ಅಳತೆ 18ಕ್ಕೆ ಮುಟ್ಟಿದ ಹೋರಾಟಗಾರರು ಅದರ ಮೇಲೆ ನೂರರ ಲೆಕ್ಕದಲ್ಲಿ ಇನ್ನೊಂದು ಸಲ ದಾಳ ಹಾಕಬೇಕು. ಮನುಷ್ಯ ಗಂಡಸು ನೂರರವರೆಗೂ ಹೋಗಬಹುದು. ಹೆಂಗಸು ಐವತ್ತಕ್ಕೆ ನಿಲ್ಲಬೇಕು. ಮಂತ್ರದಿಂದ ಗುಡ್ಡ ಕುಟ್ಟಿ ಪುಡಿ ಮಾಡುವ ಲೋಕದಲ್ಲಿ ಇಷ್ಟು ಖಚಿತವಾದ ಗೆರೆ! ನಾಟಿ ಹಾಕಿ, ಸೌದೆ ಹೊತ್ತು, ಕಟ್ಟಡದ ಐದನೇ ಮಹಡಿಗೆ ಜಲ್ಲಿ ಏರಿಸುವ ನಮ್ಮ ಹೆಂಗಸರನ್ನು ಕಂಡಿದ್ದರೆ ಆ ಗೆರೆ ಎಳೆದ ಕೈ ಒಂದು ಗಳಿಗೆ ನಿಲ್ಲುತ್ತಿತ್ತೇನೋ. 1979ರಲ್ಲಿ ಆಟ ನಡೆಸುವವರಿಗಾಗಿ ಬಂದ ಪುಸ್ತಕದಲ್ಲಿ, ಪಟ್ಟಣದ ಬೀದಿಯಲ್ಲಿ ಎದುರಾಗುವ ಸೂಳೆಯರು ಎಷ್ಟು ಬಗೆ ಅಂತ ದಾಳ ಹಾಕಿ ತಿಳಿಯುವ ಪಟ್ಟಿ ಇದೆ. ಛತ್ರದ ಯಜಮಾನನ ವಂಶಾವಳಿ ಅಲ್ಲಿ ಸಿಕ್ಕಿತು.

ಆ ಬಲದ ಗೆರೆಯನ್ನು 1989ರ ಎರಡನೇ ಆವೃತ್ತಿಯಲ್ಲಿ ತೆಗೆದುಹಾಕಿದರು. ಆಕಾಶ ಕಳಚಿ ಬೀಳಲಿಲ್ಲ. ಆಟ ನಡೆಯಿತು.

ಅಲ್ಲಿ ಹೆಂಗಸರು ಇರಲೇ ಇಲ್ಲ ಅಂತಲ್ಲ. ಲಾಸ್ ಏಂಜಲೀಸಿನ ಲೀ ಗೋಲ್ಡ್ ಎಂಬಾಕೆ 1975ರಲ್ಲೇ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಶನ್ಸ್' ಅನ್ನುವ ಪತ್ರಿಕೆ ಶುರು ಮಾಡಿದರು. ಆಡುವವರು ತಮ್ಮ ತಮ್ಮ ಪುಟ ಬರೆದು ಕಳಿಸುವುದು, ಈಕೆ ಕಲ್ಲಚ್ಚಿನ ಥರದ ಸೈಕ್ಲೋಸ್ಟೈಲ್ ಪ್ರತಿಗಳನ್ನು ಒಟ್ಟು ಹೊಲಿದು ಎಲ್ಲರಿಗೂ ಅಂಚೆಗೆ ಹಾಕುವುದು. ಸುಮಾರು 50 ವರ್ಷ ನಡೆಸಿದರು. ಕೈಗೆ ಶಾಯಿ ಮೆತ್ತಿಕೊಂಡು, ಸ್ಟಾಂಪಿಗೆ ಕಾಸು ಹೊಂದಿಸಿ ಪತ್ರಿಕೆ ತರುವುದು ಏನು ಅಂತ ಗೊತ್ತಿರುವ ನೀವು ಆ 50 ವರ್ಷದ ತೂಕವನ್ನು ಅಳೆಯಬಲ್ಲಿರಿ. ಆಟದ ಕಂಪನಿಯಲ್ಲಿ ಆಟ ರಚಿಸುವ ಕೆಲಸಕ್ಕೆ 1979ರಲ್ಲಿ ಸೇರಿದ ಮೊದಲ ಹೆಂಗಸು ಜೀನ್ ವೆಲ್ಸ್. ಆಕೆ ಬರೆದ 'ಪ್ಯಾಲೇಸ್ ಆಫ್ ದಿ ಸಿಲ್ವರ್ ಪ್ರಿನ್ಸೆಸ್' 1981ರಲ್ಲಿ ಅಚ್ಚಾಯಿತು. ಅದರ ಚಿತ್ರಗಳ ಬಗ್ಗೆ ಕಂಪನಿಯೊಳಗೇ ತಕರಾರು ಎದ್ದು ಪುಸ್ತಕ ವಾಪಸ್ಸು ಪಡೆದು ನಾಶ ಮಾಡಿದರು. ಚಿತ್ರ ಬರೆದವರು ಬೇರೆಯವರು. ಆಮೇಲೆ ಅದನ್ನು ಟಾಮ್ ಮೋಲ್ಡ್‌ವೇ ಅನ್ನುವ ಗಂಡಸು ತಿದ್ದಿ ಬರೆದು ಮತ್ತೆ ಅಚ್ಚು ಹಾಕಿಸಿದರು. ಜೀನ್ ವೆಲ್ಸ್ 2012ರಲ್ಲಿ ತೀರಿಕೊಂಡರು.

ಹೆಣ್ಣಿನ ಗೆರೆ ಅಳಿಸಿದ ಮೇಲೂ ಹುಟ್ಟಿನ ಗೆರೆ ಉಳಿಯಿತು. 2016ರ ಒಂದು ಪುಸ್ತಕದಲ್ಲಿ ಓರ್ಕ್ ಆಗಿ ಹುಟ್ಟಿದವರಿಗೆ ಬುದ್ಧಿಯ ಅಳತೆಯಲ್ಲಿ ಎರಡು ಕಳೆಯಬೇಕು ಅಂತಿದೆ. ಹುಟ್ಟಿದ ತಪ್ಪಿಗೆ ಎರಡು ಕಡಿಮೆ. ಓದಿ ನನಗೆ ಸಿಟ್ಟು ಬರುವ ಮೊದಲು ನಗು ಬಂತು. ನಮ್ಮ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರೊಬ್ಬರು ಹಿಂದಿನ ಬೆಂಚು ತೋರಿಸಿ ಇದನ್ನೇ ಹೇಳುತ್ತಿದ್ದರು, ಅವರ ಹತ್ತಿರ ಪುಸ್ತಕ ಇರಲಿಲ್ಲ ಅಷ್ಟೇ. 2020ರಲ್ಲಿ ಆ ಕಳೆಯುವ ಲೆಕ್ಕವನ್ನು ತೆಗೆದರು. 2024ರ ಹೊಸ ನಿಯಮ ಪುಸ್ತಕದಲ್ಲಿ 'ರೇಸ್' ಅನ್ನುವ ಮಾತೇ ಹೋಗಿ 'ಸ್ಪೀಶೀಸ್' ಅಂತ ಆಗಿದೆ. ಬಲ ಬುದ್ಧಿಗಳ ಹೆಚ್ಚಳ ಈಗ ಹುಟ್ಟಿನಿಂದ ಬರುವುದಿಲ್ಲ, ಹಿಂದೆ ಮಾಡಿಕೊಂಡು ಬಂದ ಕಸುಬಿನಿಂದ ಬರುತ್ತದೆ. ಕಸುಬು ಅಂದ ಕೂಡಲೇ ನಮಗೆ ಇನ್ನೊಂದು ಭಯ, ಅದನ್ನೂ ಅಪ್ಪನಿಂದಲೇ ತರಬೇಕಾ ಅಂತ. ಇಲ್ಲ, ಅಲ್ಲಿ ಆಡುವವರೇ ಆರಿಸಿಕೊಳ್ಳಬಹುದು. ಈ ತಿದ್ದುಪಡಿಯಿಂದ ಆಟ ಕೆಟ್ಟುಹೋಯಿತು ಅಂತ ಗೊಣಗುವ ಗಂಡಸರು ಇಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ.

ಸಂಘಟನೆಯಲ್ಲಿರುವ ಅಣ್ಣ ಒಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟು, "ಇದು ಅಮೆರಿಕದ ಬಂಡವಾಳಗಾರರ ಸರಕಲ್ವೇನಮ್ಮಾ? ಕೆಲಸ ಎಷ್ಟಿದೆ, ನೀನು ದಾಳ ಹಿಡ್ಕಂಡು ಕೂತಿದ್ದೀಯ" ಅಂದರು. ಸರಕು ಹೌದು ಅಣ್ಣಾ. 1999ರಿಂದ ಅದು ಹಾಸ್‌ಬ್ರೋ ಅನ್ನುವ ದೊಡ್ಡ ಆಟಿಕೆ ಕಂಪನಿಯ ಸೊತ್ತು. ಪುಸ್ತಕಕ್ಕೆ ಸಾವಿರಗಟ್ಟಲೆ ರೂಪಾಯಿ. ಆದರೆ 2023ರ ಜನವರಿಯಲ್ಲಿ ಆ ಕಂಪನಿ, ಈ ಆಟದ ಮೇಲೆ ಬೇರೆಯವರು ಕಟ್ಟುವ ಕೆಲಸಕ್ಕೆಲ್ಲ ಕಡಿವಾಣ ಹಾಕುವ ಹೊಸ ಷರತ್ತು ತರಲು ಹೋದಾಗ ಆಡುವ ಜನ ತಿರುಗಿಬಿದ್ದರು. ಅದೇ ತಿಂಗಳ ಕೊನೆಗೆ ಕಂಪನಿ ಹಿಂದೆ ಸರಿದು ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸುವ ಹಾಗೆ ಬಿಟ್ಟುಕೊಟ್ಟಿತು. ಎಲ್ಲಿಂದ ತಂದದ್ದು ಅಂತ ಹೇಳಿದರೆ ಸಾಕು. ಕನ್ನಡಕ್ಕೆ ಮಾಡಿ ಹಂಚಲೂ ಯಾರ ಅಪ್ಪಣೆಯೂ ಬೇಡ. ಮೇಷ್ಟ್ರುಗಳು ಇದನ್ನು ಸ್ವಲ್ಪ ಗಮನಿಸಬೇಕು.

ಆಟದಿಂದ ಕ್ರಾಂತಿ ಆಗುತ್ತೆ ಅಂತ ನಾನು ಹೇಳಲ್ಲ. ಅಣ್ಣನವರಿಗೂ ಹೇಳಲಿಲ್ಲ. ನಮ್ಮ ಹೆಂಗಸರ ಪ್ರತಿ ಗಳಿಗೆಗೂ ಒಂದು ಉಪಯೋಗ ಇರಬೇಕು ಅನ್ನೋದನ್ನ ದಣಿಗಳು ಹೇಳಿದರು, ಗಂಡಂದಿರು ಹೇಳಿದರು. ಈಗ ಸಂಘಟನೆಯವರೂ ಹೇಳಬೇಕಾ ಅಂತ ಮಾತ್ರ ಕೇಳಿದೆ. ಅವರು ಇನ್ನೊಂದು ಟೀ ತರಿಸಿದರು.

ಆದರೆ ಈ ಆಟವನ್ನೇ ಬೇರೆ ಕಡೆಗೆ ತಿರುಗಿಸಿದವರೂ ಇದ್ದಾರೆ ಅಂತ ಹೇಳದಿದ್ದರೆ ತಪ್ಪಾಗುತ್ತೆ. ಜೂಲಿಯಾ ಬಾಂಡ್ ಎಲಿಂಗ್‌ಬೋ ಎಂಬ ಕಪ್ಪು ಮಹಿಳೆ 2007ರಲ್ಲಿ 'ಸ್ಟೀಲ್ ಅವೇ ಜೋರ್ಡನ್' ಅನ್ನುವ ಆಟ ಬರೆದರು. ಅದರಲ್ಲಿ ಆಡುವವರೆಲ್ಲ ಅಮೆರಿಕದ ಗುಲಾಮರು. ಬಲ ಬುದ್ಧಿಗಿಂತ ಮುಖ್ಯವಾದ ಅಳತೆ ಅಲ್ಲಿ ಬೆಲೆ. ನಿನ್ನ ಬೆಲೆ ಎಷ್ಟು ಅಂತ ಬೇರೆಯವರು ಕಟ್ಟುತ್ತಾರೆ, ನೀನು ಆ ಬೆಲೆಯೊಳಗೇ ದಾಳ ಹಾಕಬೇಕು. ಅದನ್ನು ಆಡುವ ಧೈರ್ಯ ನಮ್ಮ ಮೇಜಿಗೆ ಇನ್ನೂ ಬಂದಿಲ್ಲ. ಇನ್ನೊಬ್ಬರು ಬಂಗಾಳದ ದಲಿತ ಲೇಖಕಿ ಮಿಮಿ ಮಂಡಲ್. ಆಕ್ಟೇವಿಯಾ ಬಟ್ಲರ್ ಕುರಿತ ಪುಸ್ತಕದ ಸಂಪಾದಕಿಯಾಗಿ 2018ರಲ್ಲಿ ಹ್ಯೂಗೋ ಪ್ರಶಸ್ತಿಯ ಕೊನೆಯ ಪಟ್ಟಿಯಲ್ಲಿದ್ದವರು. 2022ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನದೇ ಅಧಿಕೃತ ಪುಸ್ತಕ ಒಂದಕ್ಕೆ ಬಂಗಾಳದ ನೆಲ ನೀರಿನ ಛಾಯೆಯ ಒಂದು ಕಥಾನಕ ಬರೆದರು. ಆ ಪುಸ್ತಕ ಬರೆದವರೆಲ್ಲ ಬಿಳಿಯರಲ್ಲದವರು. ಗೆಳತಿ ತಂದು ತೋರಿಸಿದಾಗ ನಾನು ಮೊದಲು ಕಥೆ ಓದಲಿಲ್ಲ, ಆ ಹೆಸರನ್ನೇ ನೋಡುತ್ತಾ ಕೂತೆ.

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ ತಂಗಿ, ಅವಳ ಮಗಳು, ಪಕ್ಕದ ಮನೆಯ ಹುಡುಗಿ ಮೂವರನ್ನೂ ಕೂರಿಸಿಕೊಂಡು ಆಟ ನಡೆಸಿದೆ. ಇಪ್ಪತ್ತು ಮುಖದ ದಾಳ ಬೇಕೂ ಇರಲಿಲ್ಲ. ಚೌಕಾಬಾರಕ್ಕೆ ಅಂತ ಅವ್ವ ಕಲ್ಲಿಗೆ ತೇದಿಟ್ಟ ಹುಣಸೆ ಬೀಜ ನಾಲ್ಕು ಇದ್ದವು, ಒಂದು ಮುಖ ಕಪ್ಪು, ಒಂದು ಮುಖ ಬಿಳಿ. ಎಸೆದಾಗ ಎರಡಾದರೂ ಬಿಳಿ ಬಿದ್ದರೆ ಕೆಲಸ ಆಯ್ತು ಅಂತ ನಿಯಮ. ಹೆಚ್ಚುಕಡಿಮೆ 16ರಲ್ಲಿ 11 ಸಲ ಆಗುತ್ತೆ. ಕಷ್ಟದ ಕೆಲಸಕ್ಕೆ ಮೂರು ಬಿಳಿ ಬೇಕು, 16ರಲ್ಲಿ 5 ಸಲ. ತಂಗಿಯ ಮಗಳು ಇದನ್ನು ಕಾಗದದಲ್ಲಿ ತಾನೇ ಬರೆದು ನೋಡಿ ಸರಿ ಅಂದಳು.

ಕಥೆ ಸುಮ್ಮನೆ ಶುರು ಮಾಡಿದ್ದೆ. ಮಳೆ ಇಲ್ಲದ ಊರು, ಮೂವರು ಹೆಂಗಸರು ನಡೆದು ಬರುತ್ತಿದ್ದಾರೆ, ಬಾಯಾರಿಕೆ, ಮುಂದೆ ಒಂದು ಬಾವಿ, ಬಾವಿಯೊಳಗೆ ಯಾವುದೋ ಭೂತ ಇದೆ ಅಂತ ಸುದ್ದಿ. ಏನು ಮಾಡ್ತೀರಿ? ಹುಡುಗಿಯರು ಹಗ್ಗ, ಪಂಜು ಅಂತ ಸಿದ್ಧತೆ ಮಾಡಿಕೊಳ್ಳುತ್ತಿದ್ದರು. ಅವ್ವ ಅಲ್ಲೇ ಗೋಡೆಗೆ ಒರಗಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಅಲ್ಲಿವರೆಗೆ "ಅದೇನ್ ಆಟ್ವವ್ವಾ, ಕುಂತ್ಕಂಡು ಮಾತಾಡದು" ಅಂತ ನಗ್ತಿದ್ದವಳು ಕೈ ನಿಲ್ಲಿಸಿ,

"ಬಾವಿ ಅಂದ್ಯಲ್ಲ ಕೂಸು, ಆ ಬಾವಿ ಯಾರ್ದು?" ಅಂದಳು.

ಎಷ್ಟು ವರ್ಷದಿಂದ ಈ ಆಟ ಆಡ್ತಿದ್ದೀನಿ. ಎಷ್ಟೋ ಬಾವಿಗಳ ಭೂತ ಬಿಡಿಸಿದ್ದೀವಿ. ಒಂದು ಮೇಜಿನಲ್ಲೂ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಹುಡುಗಿಯರು ನನ್ನ ಮುಖ ನೋಡಿದರು. ಊರಿನ ಪಟೇಲಂದು ಅಂದೆ. "ಹಂಗಾರೆ ಭೂತನೂ ಅವಂದೇ ಕನ, ಅವ್ನೇ ಸುದ್ದಿ ಹಬ್ಸಿರೋದು, ಯಾರೂ ಇಳೀಬಾರ್ದು ಅಂತ. ಬುಡು, ಹಗ್ಗ ಬ್ಯಾಡ. ಮೊದ್ಲು ಪಟೇಲನ ಮನೆಗೆ ಮಜ್ಜಿಗೆ ಕಡಿಯಕೆ ಹೋಯ್ತಳಲ್ಲ, ಆ ಹೆಂಗ್ಸ ಕೇಳ್ಬೇಕು" ಅಂದಳು. ಅಲ್ಲಿ ಅಂಥ ಹೆಂಗಸು ನನ್ನ ಕಥೆಯಲ್ಲಿ ಇರಲಿಲ್ಲ. ಈಗ ಇದ್ದಾಳೆ. ಪಕ್ಕದ ಮನೆ ಹುಡುಗಿ ಅವಳ ಹತ್ತಿರ ಮಾತಾಡಲು ಹೋದಳು. ಬೀಜ ಎಸೆದರೆ ಒಂದೇ ಬಿಳಿ, ಆ ಹೆಂಗಸು ಹೆದರಿ ಬಾಯಿ ಬಿಡಲಿಲ್ಲ. "ಹಂಗೆಲ್ಲ ಒಂದೇ ಸರ್ತಿಗೆ ಹೇಳಾಳಾ" ಅಂತ ಅವ್ವ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿ ಹತ್ತಿರ ಬಂದು ಕೂತಳು.

ಅಷ್ಟರಲ್ಲಿ ತಂಗಿಯ ಗಂಡ ಊಟಕ್ಕೆ ಬಂದ. ಆಟ ಅಲ್ಲಿಗೆ ನಿಂತಿದೆ, ಮೂವರೂ ಪಟೇಲನ ಹಿತ್ತಲಲ್ಲಿದ್ದಾರೆ. ಸಂಕ್ರಾಂತಿಗೆ ಹೋದಾಗ ಮುಂದುವರಿಸಬೇಕು. ಹುಣಸೆ ಬೀಜ ಅವ್ವನ ಸಂಚಿಯಲ್ಲಿವೆ.